ಗಂಗವ್ವನನ್ನು ಬಿಟ್ಟು ಇಳಿದ ಬೆಟ್ಟ

ಗಾರ್ಕಿಂಗ್
25 ನವೆಂಬರ್ 2018

ಪ್ರಿಯ ಲೀನಾ,

ಈ ವರ್ಷ ಸೆಪ್ಟೆಂಬರ್ ಎಂಟರ ಶನಿವಾರ, ಹಿಂಟರ್‌ವೀಸ್ ಎಂಬ ಆಲ್ಪ್ಸ್ ಹಳ್ಳಿಯ ಮೇಲಿನ ಬೆಟ್ಟದಲ್ಲಿ, ನಮ್ಮ ಇಸಾರ್ ಕನ್ನಡ ಬಳಗ ಗಂಗವ್ವ ಎಂಬ ಹೆಂಗಸನ್ನು ಬಿಟ್ಟು ಕೆಳಗಿಳಿಯಿತು. ಆಕೆ ಸತ್ತಳು. ನವೆಂಬರ್ ಹದಿನೇಳರಂದು ಅದೇ ಬಳಗ ತನ್ನ ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಸತ್ತವಳದೇ ತಪ್ಪು ಎಂದು ಅಚ್ಚು ಹಾಕಿತು. ಮೊದಲನೆಯದನ್ನು ಅಪಘಾತ ಎಂದು ಯಾರಾದರೂ ವಾದಿಸಬಹುದು. ಎರಡನೆಯದನ್ನು ಕುರ್ಚಿಯಲ್ಲಿ ಕೂತು ಬರೆದಿದ್ದಾರೆ, ಕರಡು ತಿದ್ದಿದ್ದಾರೆ, ಅಂಚಿಗೆ ಬಳ್ಳಿಯ ಚಿತ್ತಾರ ಹಾಕಿದ್ದಾರೆ.

ಸಂಚಿಕೆ ನಿನಗೆ ತಲುಪಿತೋ ಇಲ್ಲವೋ ತಿಳಿಯದು. ನೀನು ಅಕ್ಟೋಬರಿನಲ್ಲೇ ಯಾರಿಗೂ ಹೇಳದೆ ಎಷ್‌ಬಾರ್ನಿಗೆ ಹೋದೆಯಂತೆ; ವಿಳಾಸವನ್ನು ನನ್ನ ಮಗಳು ವೆನಿಸ್ಸಾ ಕೊಟ್ಟಳು. ಆದ್ದರಿಂದ ಆ ಸಾಲುಗಳನ್ನು ಇಲ್ಲಿ ನಕಲು ಮಾಡುತ್ತೇನೆ: “ಕುಟುಂಬ ಚಾರಣದ ದಿನ ಮಾರ್ಗದರ್ಶಕರ ಸೂಚನೆಯನ್ನು ಕಡೆಗಣಿಸಿ, ಯಾರಿಗೂ ತಿಳಿಸದೆ ದಾರಿ ಬಿಟ್ಟು ಹೋದ ಹಿರಿಯರೊಬ್ಬರನ್ನು ನಾವು ಕಳೆದುಕೊಂಡೆವು. ವಿಷಯ ತಿಳಿದ ಕೂಡಲೇ ಬಳಗ ಎಲ್ಲ ಕ್ರಮಗಳನ್ನೂ ಕೈಗೊಂಡಿತು.” ಹಿರಿಯರೊಬ್ಬರು! ಹೆಸರು ಕೂಡ ಇಲ್ಲ.

ಆ ಹಿರಿಯರು ಗದಗ ಕಡೆಯವರು. ಮಗ ವೀರೇಶ ಇಲ್ಲಿ ಗಾರ್ಕಿಂಗಿನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ಮೂರು ತಿಂಗಳ ವೀಸಾದ ಮೇಲೆ ಬಂದ ಗಂಗವ್ವ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ನೇರ ನಮ್ಮ ಅಡುಗೆಮನೆಗೆ ಬರುತ್ತಿದ್ದರು. ನನ್ನ ಹೆಂಡತಿ ಜೆಸಿಂತಾ ಶಿರ್ವದವಳು, ಆಕೆಗೆ ಅಕ್ಕಿ ರೊಟ್ಟಿ ಗೊತ್ತು, ಜೋಳದ್ದು ಬಾರದು. “ನಲವತ್ತ ವರ್ಷ ಈ ಊರಾಗ ಕುಂತು ಏನ್ ಕಲ್ತೀರಿ ಇಬ್ಬರೂ?” ಎಂದು ನಮ್ಮಿಬ್ಬರನ್ನೂ ಬೈದು ಹಿಟ್ಟಿಗೆ ಕೈ ಹಾಕುತ್ತಿದ್ದರು. ದಿನಾ ಬೆಳಿಗ್ಗೆ ಇಸಾರ್ ನದಿಯ ದಂಡೆಯಲ್ಲಿ ನಡೆದು ಬರುವ ಹೆಂಗಸು. ನನ್ನ ಜೊತೆ ಹೆಜ್ಜೆ ಹಾಕುವಾಗ ತಾವೇ ನಿಂತು ಕಾಯುತ್ತಿದ್ದರೇ ಹೊರತು ಒಮ್ಮೆಯೂ ತಿಳಿಸದೆ ಮುಂದೆ ಹೋದವರಲ್ಲ. ಅಂಗಡಿಯ ಬಾಗಿಲಲ್ಲಿ ನಿಂತು “ಒಳಗ ಹೋಗಿ ಬರ್ತೇನಿ” ಎಂದು ಹೇಳಿ ಹೋಗುವವರು. ಅಂಥವರು ಯಾರಿಗೂ ಹೇಳದೆ ಬೆಟ್ಟದಲ್ಲಿ ದಾರಿ ಬಿಟ್ಟರು ಎಂದರೆ ನಾನು ನಂಬುವುದಿಲ್ಲ.

ನೀನು ಚಿಕ್ಕವಳು, ನಿನಗೆ ಗೊತ್ತಿರಲಾರದು. ಈ ಬಳಗ ಹುಟ್ಟಿದ್ದು 1983ರಲ್ಲಿ, ನಮ್ಮ ಅಡುಗೆಮನೆಯಲ್ಲಿ. ಏಳೇ ಜನ. 1986ರ ಮೇ ತಿಂಗಳಲ್ಲಿ ಚೆರ್ನೋಬಿಲ್‌ನ ಮೋಡ ಬವೇರಿಯಾದ ಮೇಲೆ ಬಂದು ಮಳೆ ಸುರಿದಾಗ, ಯಾವ ಹಾಲು ಕುಡಿಯಬಾರದು, ಮಕ್ಕಳನ್ನು ಯಾವ ಮರಳಿನಲ್ಲಿ ಆಡಿಸಬಾರದು ಎಂದು ನಾವು ಬೂತಿನಿಂದ ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳಿಕೊಂಡವರು. ಫೋನ್ ಇಲ್ಲದ ಮನೆಗೆ ನಾನೇ ಸೈಕಲ್ಲಿನಲ್ಲಿ ಹೋಗಿ ಹೇಳಿ ಬಂದಿದ್ದೇನೆ. ಈಗ ಪ್ರತಿಯೊಬ್ಬರ ಕಿಸೆಯಲ್ಲೂ ಫೋನಿರುವ ಕಾಲದಲ್ಲಿ ಒಬ್ಬ ಹೆಂಗಸು ತಪ್ಪಿಸಿಕೊಂಡದ್ದು ಸಂಜೆಯವರೆಗೆ ಯಾರಿಗೂ ಗೊತ್ತಾಗಲಿಲ್ಲವೇ?

ಮೊಣಕಾಲಿನ ನೋವಿನಿಂದ ಆ ದಿನ ನಾನು ಬರಲಿಲ್ಲ. ನಿನ್ನನ್ನು ಕೇಳುತ್ತಿರುವುದಕ್ಕೆ ಕಾರಣವಿದೆ. ಸಂಚಿಕೆಯ ಹಿಂಬದಿಯಲ್ಲಿ ಚಾರಣದ ಚಿತ್ರವಿದೆ. ಸಾಲಿನ ಕೊನೆಯಲ್ಲಿ ಗಂಗವ್ವ, ಅವರ ಪಕ್ಕದಲ್ಲಿ ನೀನು. ಇಬ್ಬರೂ ಏನಕ್ಕೋ ನಗುತ್ತಿದ್ದೀರಿ.

ಏನಾಯಿತು ಎಂದು ಬರೆ. ನಾನು ವಾಟ್ಸಾಪಿನಲ್ಲಿ ಇಲ್ಲ, ಇರುವುದೂ ಇಲ್ಲ. ಕಾಗದದಲ್ಲೇ ಬರೆ.

ನಿನ್ನ
ವಿಲ್ಫ್ರೆಡ್ ಅಂಕಲ್


ಎಷ್‌ಬಾರ್ನ್
9 ಡಿಸೆಂಬರ್ 2018

ಪ್ರೀತಿಯ ವಿಲ್ಫ್ರೆಡ್ ಅಂಕಲ್,

ನಿಮ್ಮ ಪತ್ರ ಬಂತು. ಶಾಲೆ ಬಿಟ್ಟ ಮೇಲೆ ನಾನು ಕಾಗದದಲ್ಲಿ ಪತ್ರ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸಿ. ಜೆಸಿಂತಾ ಆಂಟಿ ಹೇಗಿದ್ದಾರೆ? ನಿಮ್ಮ ಮೊಣಕಾಲು?

ಇಲ್ಲಿ ಎಲ್ಲ ಆಫೀಸುಗಳೇ. ಬೆಳಿಗ್ಗೆ ಎಸ್‌-ಬಾನ್‌ ರೈಲಿನಿಂದ ಜನ ಸುರಿದ ಹಾಗೆ ಇಳಿಯುತ್ತಾರೆ, ಸಂಜೆ ಹಾಗೇ ಖಾಲಿ. ಶನಿವಾರ ಭಾನುವಾರ ಬೀದಿಯಲ್ಲಿ ನಾನೊಬ್ಬಳೇ ಇರುತ್ತೇನೆ ಅನ್ನಿಸುತ್ತದೆ. ನಾನು ಬಂದದ್ದು ಒಳ್ಳೆಯ ಕೆಲಸ ಸಿಕ್ಕಿತು ಅಂತ ಅಷ್ಟೇ, ಬೇರೆ ಏನೂ ಕಾರಣ ಇಲ್ಲ. ಹೇಳದೆ ಬಂದೆ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಅಂಕಲ್, ಆ ದಿನ ಎಲ್ಲ ಚೆನ್ನಾಗೇ ಇತ್ತು. ರೈಲಿನಲ್ಲಿ ಅಂತ್ಯಾಕ್ಷರಿ ಆಡಿದೆವು. ಮೆಲ್ರಾಯ್ ಕೊಂಕಣಿ ಹಾಡು ಶುರು ಮಾಡಿದ, “ಮಗಾ, ಕನ್ನಡ ಬಳಗ ಕಣೋ ಇದು!” ಅಂತ ಎಲ್ಲರೂ ಸೇರಿ ಅವನ ಬಾಯಿಗೆ ಚಕ್ಕುಲಿ ತುರುಕಿದರು. ಅಧ್ಯಕ್ಷರು ದ್ವಾರಕನಾಥ ಸರ್ ಕುತ್ತಿಗೆಗೆ ಸೀಟಿ ಹಾಕಿಕೊಂಡು ಬಂದಿದ್ದರು. ಮೇಲೆ ಹುಲ್ಲುಗಾವಲಿನಲ್ಲಿ ಹಸುಗಳ ಮಧ್ಯೆ ಕೂತು ಬಿಸಿಬೇಳೆ ಬಾತ್ ತಿಂದೆವು. ಇಳಿಯುವಾಗ ಮಂಜು ಮುಸುಕಿತು, ಮಳೆ ಬಂತು. ವೀರೇಶ್ ಅಮ್ಮ, ಆ ಆಂಟಿ, ಹಿಂದೆ ಉಳಿದರು. ಯಾರಿಗೂ ಗೊತ್ತಾಗಲಿಲ್ಲ. ಅದು ಯಾರ ತಪ್ಪೂ ಅಲ್ಲ.

ಫೋಟೋ ತೆಗೆದದ್ದು ಹತ್ತುವಾಗ. ಇಳಿಯುವಾಗ ನಾನು ಮುಂದೆ ಇದ್ದೆ, ಹಾಗಾಗಿ ನನಗೆ ಹೆಚ್ಚು ಏನೂ ಗೊತ್ತಿಲ್ಲ.

ಇದನ್ನು ಇಲ್ಲಿಗೇ ಬಿಟ್ಟುಬಿಡಿ ಅಂಕಲ್. ವೀರೇಶ್ ಮೊದಲೇ ಅರ್ಧ ಆಗಿಹೋಗಿದ್ದಾರೆ. ಸಂಚಿಕೆಯಲ್ಲಿ ಏನು ಬರೆದರೆ ಏನು, ಅದನ್ನು ಓದುವವರು ಯಾರು? ನನ್ನ ಹೆಸರನ್ನು ಮಾತ್ರ ಎಲ್ಲೂ ತರಬೇಡಿ, ದಯವಿಟ್ಟು.

ಕ್ರಿಸ್‌ಮಸ್‌ ಶುಭಾಶಯಗಳು. ಜೆಸಿಂತಾ ಆಂಟಿಯ ಕೈಯ ಕುಸ್ವಾರ್ ತಿಂಡಿ ನೆನಪಾಗುತ್ತದೆ.

ನಿಮ್ಮ
ಲೀನಾ


ಗಾರ್ಕಿಂಗ್
16 ಡಿಸೆಂಬರ್ 2018

ಲೀನಾ,

“ಅದನ್ನು ಓದುವವರು ಯಾರು” ಎಂದು ಕೇಳಿದ್ದೀಯ. ನಾನು ಓದುತ್ತೇನೆ. ಗದಗದಲ್ಲಿ ಆಕೆಯ ಗಂಡ ಶಿವಲಿಂಗಯ್ಯನವರು ಓದುತ್ತಾರೆ, ಅವರಿಗೂ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದಾರೆ. ಹೆಂಡತಿ ಮಾತು ಕೇಳದೆ ಸತ್ತಳು ಎಂದು ಆ ಮನುಷ್ಯ ಇನ್ನು ಉಳಿದ ದಿನವೆಲ್ಲ ಅಂದುಕೊಳ್ಳಬೇಕು. ಮುಂದೊಂದು ದಿನ ಈ ಊರಿನ ಕನ್ನಡಿಗರ ಚರಿತ್ರೆ ಬರೆಯುವವನಿಗೆ ಆ ಎರಡು ಸಾಲೇ ಆಧಾರವಾಗುತ್ತದೆ. ಚರಿತ್ರೆ ಹೀಗೇ ಕೆಡುವುದು. ದೊಡ್ಡ ದೊಡ್ಡ ಸುಳ್ಳುಗಳನ್ನು ಹಿಡಿಯಲು ಜನರಿರುತ್ತಾರೆ, ಇಂಥ ಮರ್ಯಾದಸ್ಥ ಸಾಲುಗಳನ್ನು ಯಾರೂ ಹಿಡಿಯುವುದಿಲ್ಲ.

ನೀನು ಹೇಳದಿದ್ದರೆ ಬೆಟ್ಟ ಹೇಳೀತು ಎಂದು ಕಳೆದ ಗುರುವಾರ ನಾನೇ ಹಿಂಟರ್‌ವೀಸ್‌ಗೆ ಹೋದೆ. ಜೆಸಿಂತಾ ಬೈದಳು, “ಕಾಲು ಎಳೆದುಕೊಂಡು ಹಿಮದಲ್ಲಿ ಎಲ್ಲಿಗೆ ಮಾರಾಯ್ರೆ?” ಎಂದು. ರೈಲು, ಆಮೇಲೆ ಬಸ್ಸು. ಚರ್ಚು, ಹತ್ತಿಪ್ಪತ್ತು ಮನೆ, ಬಸ್ಸು ತಿರುಗುವ ಜಾಗದಲ್ಲಿ ಊಟ ವಸತಿಯ ಒಂದು ಗಾಸ್ಟ್‌ಹೌಸ್. ನೀವೆಲ್ಲ ಇಳಿದು ಬಂದು ಕೂತದ್ದು ಅಲ್ಲಿಯೇ ಅಲ್ಲವೇ? ಒಡತಿಗೆ ನೆನಪಿದೆ. ಇಡೀ ಕೊಠಡಿ ತುಂಬಿದ್ದಿರಂತೆ. ಕಾಫಿ ಕುಡಿದಿರಂತೆ, ಕೇಕು ತಿಂದಿರಂತೆ. ಗಂಡಸರು ಹೊರಗೆ ಹೋಗುವುದು, ಫೋನಿನಲ್ಲಿ ಮಾತಾಡುವುದು, ಮತ್ತೆ ಒಳಗೆ ಬರುವುದು. ಏನೋ ಸರಿಯಿಲ್ಲ ಎಂದು ಆಕೆಗೆ ಅನ್ನಿಸಿ ಬಂದು ಕೇಳಿದರೆ, ಸೀಟಿ ಹಾಕಿಕೊಂಡವರು ನಕ್ಕು “ಆಲ್ಲೆಸ್ ಗುಟ್” ಎಂದರಂತೆ. ಎಲ್ಲ ಸರಿಯಿದೆ!

ಕತ್ತಲಾಗುವ ಹೊತ್ತಿಗೆ ಒಬ್ಬ ಹುಡುಗಿ ಹಿಂಬಾಗಿಲಿನಿಂದ ಆಕೆಯ ಅಡುಗೆಮನೆಗೆ ನುಗ್ಗಿದಳಂತೆ. ಅಳುತ್ತಾ, ಮುರುಕು ಜರ್ಮನ್‌ನಲ್ಲಿ, ಬೆಟ್ಟದಲ್ಲಿ ಒಬ್ಬ ಹೆಂಗಸು ಉಳಿದಿದ್ದಾಳೆ, ಫೋನ್ ಮಾಡಿ ಎಂದಳಂತೆ. ಇದನ್ನು ಹೇಳುವಾಗ ಒಡತಿ ತನ್ನ ಕಿಟಕಿಯ ಹೊರಗೆ ಕೈ ತೋರಿಸಿದಳು. ಆಕೆಯ ಮಗ ಬೆಟ್ಟದ ರಕ್ಷಣಾ ಪಡೆಯಲ್ಲಿದ್ದಾನೆ. ನೀವು ಕಾಫಿ ಕುಡಿಯುತ್ತಿದ್ದ ಅಷ್ಟು ಹೊತ್ತೂ ಅವನು ಆ ಗೋಡೆಯ ಆಚೆ ಸೌದೆ ಸೀಳುತ್ತಿದ್ದನಂತೆ. “ಒಬ್ಬರಾದರೂ ಬಾಯಿ ಬಿಟ್ಟಿದ್ದರೆ” ಎಂದಳು. ಆ ಮಾತನ್ನು ಪೂರ್ತಿ ಮಾಡಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಬೆಟ್ಟದಲ್ಲಿ ಬಿದ್ದು ಮುರಿದ ಸೊಂಟಕ್ಕಿಂತ ಚಳಿಯೇ ಕೊಂದದ್ದು ಎಂದು ವೀರೇಶನಿಗೆ ಹೇಳಿದ್ದು ನನಗೂ ಗೊತ್ತು. ಉಳಿದದ್ದನ್ನು ನಾನೇ ಪೂರ್ತಿ ಮಾಡಿಕೊಂಡೆ.

ಹಾಗಾದರೆ ತಡ ಮಾಡಿದಿರಿ. ತಿಳಿದೂ ಮಾಡಿದಿರಿ. ನೀನು ಆ ಕೊಠಡಿಯಲ್ಲಿದ್ದೆ, ನೋಡಿದೆ, ಈಗ “ಹೆಚ್ಚು ಏನೂ ಗೊತ್ತಿಲ್ಲ” ಎಂದು ಬರೆಯುತ್ತೀಯ. ನಿನ್ನ ಹೆಸರು ತರಬಾರದು, ಯಾಕೆ? ನಿನ್ನ ಕೆಲಸದ ಪರವಾನಗಿಯ ನೀಲಿ ಕಾರ್ಡಿನ ಅವಧಿ ತುಂಬಿ, ಇಲ್ಲೇ ನೆಲೆಸುವ ಖಾಯಂ ಕಾರ್ಡು ಕೈಗೆ ಬರುವವರೆಗೆ ಯಾವ ಗಲಾಟೆಯೂ ಬೇಡ ಎಂದಲ್ಲವೇ? ಈಗ ಬರುವ ನಿಮ್ಮೆಲ್ಲರ ಲೆಕ್ಕಾಚಾರ ನನಗೆ ಗೊತ್ತು. ಹಿಂಬಾಗಿಲಿನಿಂದ ನುಗ್ಗಿದ ಆ ಹುಡುಗಿ ಯಾರೆಂದು ನನಗೆ ತಿಳಿಯದು, ಒಡತಿಗೂ ಹೆಸರು ಗೊತ್ತಿಲ್ಲ. ಯಾರೇ ಆಗಲಿ, ನಿನಗಿಂತ ಹೆಚ್ಚು ಬೆನ್ನುಮೂಳೆ ಇದ್ದವಳು. ಅವಳ ಹೆಸರಾದರೂ ಹೇಳು, ಅವಳಿಗೆ ಬರೆಯುತ್ತೇನೆ.

ವಿಲ್ಫ್ರೆಡ್


ಗಾರ್ಕಿಂಗ್
27 ಜನವರಿ 2019

ಲೀನಾ,

ಉತ್ತರವಿಲ್ಲ. ಕ್ರಿಸ್‌ಮಸ್‌ಗೆ ಜೆಸಿಂತಾ ಕಳಿಸಿದ ಕುಸ್ವಾರಿನ ಡಬ್ಬಿ ತಲುಪಿತೋ ಇಲ್ಲವೋ ಅದೂ ತಿಳಿಯಲಿಲ್ಲ. ನನ್ನ ಹಿಂದಿನ ಪತ್ರದ ಕರಡು ಮೇಜಿನ ಮೇಲಿತ್ತು, ಅವಳು ಓದಿಬಿಟ್ಟಳು. ಓದಿ, “ಮಕ್ಕಳಿಗೆ ಹೀಗೆ ಬರೆಯುದಾ ನೀವು? ಅವಳು ನಮ್ಮ ವೆನಿಸ್ಸಾ ಆಗಿದ್ದರೆ?” ಎಂದಳು. ಮೂರು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಬರೆದದ್ದನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಬೆನ್ನುಮೂಳೆಯ ಮಾತು ಬೇಡವಾಗಿತ್ತು.

ಒಂದು ಸುದ್ದಿ. ಹೋದ ವಾರ ವೀರೇಶ ಬಂದಿದ್ದ. ಖಾಯಂ ಕಾರ್ಡು ಬಂತಂತೆ, ಪೇಢೆ ತಂದಿದ್ದ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅವನ ತಾಯಿ ಕೂರುತ್ತಿದ್ದ ಕುರ್ಚಿಯನ್ನು ನೋಡಿ, ಬೇರೆ ಕುರ್ಚಿಯಲ್ಲಿ ಕೂತ. ಜೆಸಿಂತಾ ಒಂದು ಪೇಢೆ ತೆಗೆದು ಅವನ ಕೈಗೇ ಕೊಟ್ಟಳು. ಹೋಗುವವರೆಗೂ ಕೈಯಲ್ಲೇ ಹಿಡಿದಿದ್ದ. ಸಂಚಿಕೆಯ ಬಗ್ಗೆ ನಾನು ಬಳಗವನ್ನು ಕೇಳಲಿದ್ದೇನೆ ಎಂದೆ. ಅವನು ಕುರ್ಚಿಯಿಂದ ಎದ್ದ. “ಬ್ಯಾಡ್ರಿ ಅಂಕಲ್. ಆಗಿದ್ದು ಆತು. ನಮ್ಮ ಅವ್ವ ಬರೂದಿಲ್ಲಲ್ಲ” ಎಂದ. ಪಾಪ, ದುಃಖದಲ್ಲಿ ಹೋರಾಡುವ ಶಕ್ತಿಯೂ ಹೋಗಿದೆ. ಆದ್ದರಿಂದಲೇ ಅವನ ಪರವಾಗಿ ನಾವು ನಿಲ್ಲಬೇಕು.

ಮಾರ್ಚ್ ಇಪ್ಪತ್ತನಾಲ್ಕಕ್ಕೆ ಬಳಗದ ಸರ್ವಸದಸ್ಯರ ಸಭೆ. ಅಲ್ಲಿ ಎದ್ದು ಕೇಳುತ್ತೇನೆ. ವೀರೇಶನ ತಾಯಿಯನ್ನು ಬೆಟ್ಟದಲ್ಲಿ ಬಿಟ್ಟು, ಅವನು ಬೇಡಿಕೊಂಡರೂ ಪೊಲೀಸರಿಗೆ ಹೇಳದೆ, ಕಾಫಿ ಕುಡಿದವರು ಯಾರ್‍ಯಾರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳುತ್ತೇನೆ. ನೀನು ಬಂದರೆ ಒಳ್ಳೆಯದು. ಬರದಿದ್ದರೂ ಕೇಳುತ್ತೇನೆ.

ವಿಲ್ಫ್ರೆಡ್ ಅಂಕಲ್


ಎಷ್‌ಬಾರ್ನ್
10 ಫೆಬ್ರವರಿ 2019

ಅಂಕಲ್,

ಡಬ್ಬಿ ತಲುಪಿತು. ನೇವ್ರಿ ಒಂದೂ ಮುರಿದಿರಲಿಲ್ಲ. ಜೆಸಿಂತಾ ಆಂಟಿಗೆ ಹೇಳಿ.

ನಿಮ್ಮ ಡಿಸೆಂಬರಿನ ಪತ್ರಕ್ಕೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ಆದರೆ “ಅವನು ಬೇಡಿಕೊಂಡರೂ” ಅಂತ ಬರೆದಿದ್ದೀರಲ್ಲ, ಅದನ್ನು ನೀವು ಸಭೆಯಲ್ಲಿ ಹೇಳಿಬಿಟ್ಟರೆ ಅಲ್ಲಿ ಯಾರಾದರೂ ಎದ್ದು ನಿಜ ಹೇಳುತ್ತಾರೆ. ಎಲ್ಲರ ಎದುರಿಗೆ ಹೇಳುತ್ತಾರೆ. ಅದಕ್ಕಿಂತ ನಾನು ನಿಮಗೊಬ್ಬರಿಗೇ ಹೇಳುವುದು ಮೇಲು.

ಇಳಿಯುವಾಗ ನಾನು ಮುಂದೆ ಇರಲಿಲ್ಲ. ವೀರೇಶ್ ಅಮ್ಮ, ಆ ಆಂಟಿಯ ಜೊತೆಗೇ ಇದ್ದೆ. ಅವರು ಸೀರೆಯನ್ನು ಎತ್ತಿ ಕಟ್ಟಿ ಸೊಸೆಯ ಶೂ ಹಾಕಿಕೊಂಡು ನನಗಿಂತ ಚೆನ್ನಾಗಿ ಇಳಿಯುತ್ತಿದ್ದರು. ನಾನು ಎರಡು ಸಲ ಜಾರಿ ಕೂತೆ. “ಏನ್ ಹುಡುಗೀನ ನೀ, ಎಮ್ಮೀ ಕರಾ ಕುಂತಂಗ ಕುಂದರ್ತೀ” ಅಂತ ನಕ್ಕರು. ನಮ್ಮ ಹಿಂದೆ ಯಾರೂ ಇರಲಿಲ್ಲ, ಸ್ವಲ್ಪ ಮುಂದೆ ಗಂಡಸರು ಮೂರು ನಾಲ್ಕು ಜನ. ಕಾಡಿನ ಹತ್ತಿರ ಬಂದಾಗ ಆಂಟಿ ನಿಂತರು. ಬೆಳಿಗ್ಗೆ ರೈಲು ಬಿಟ್ಟ ಮೇಲೆ ಅವರು ಎಲ್ಲೂ ಹೋಗಿರಲಿಲ್ಲ, ಆ ಹುಲ್ಲುಗಾವಲಿನ ಗುಡಿಸಲಿನಲ್ಲಿ ಇದ್ದ ಒಂದೇ ಒಂದು ಟಾಯ್ಲೆಟ್ಟಿನ ಮುಂದೆ ಗಂಡಸರ ಸಾಲು. ನಿಂತು, “ಮುಂದ ನಡೀರವ್ವಾ, ನಾ ಬರ್ತೇನಿ” ಅಂದರು.

ನನಗೆ ಅರ್ಥ ಆಯಿತು. ಮುಂದೆ ಇದ್ದ ಗಂಡಸರಿಗೂ ಕೇಳಿಸಿತು, ಅವರಿಗೂ ಅರ್ಥ ಆಯಿತು. ನಮ್ಮಲ್ಲಿ ಹಾಗೆ ಹೇಳಿದರೆ ಏನು ಮಾಡುತ್ತೇವೆ? ತಿರುಗಿ ನೋಡದೆ ಮುಂದೆ ಹೋಗುತ್ತೇವೆ. ಅದೇ ಮರ್ಯಾದೆ. ನಾನು ನಿಲ್ಲುತ್ತೇನೆ ಆಂಟಿ ಅಂದೆ. “ನೀ ನಿಂತ್ರ ಆ ಹುಡುಗ್ರೂ ನಿಂದರ್ತಾವ, ನಡೀ” ಅಂತ ನನ್ನ ಬೆನ್ನ ಮೇಲೆ ತಳ್ಳಿದರು. ನಾವೆಲ್ಲ ಜೋರಾಗಿ ಬೇರೇನೋ ಮಾತಾಡುತ್ತಾ, ಕಾಣದಷ್ಟು ದೂರ ಹೋದೆವು. ಅಲ್ಲಿ ದಾರಿ ಎರಡಾಗಿತ್ತು, ಹಳದಿ ಬೋರ್ಡು ಇತ್ತು. ಆಂಟಿಗೆ ಅದನ್ನು ಓದಲು ಬರುವುದಿಲ್ಲ ಅನ್ನುವುದು ನಮಗೆ ಯಾರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಮಂಜು ಬಂತು, ಮಳೆ ಬಂತು, ಎಲ್ಲರೂ ಓಡಿದೆವು.

ಕೆಳಗೆ ಬಂದು ಅವರು ಇಲ್ಲ ಅಂತ ಗೊತ್ತಾದಾಗ ವೀರೇಶ್ ತಕ್ಷಣ ವಾಪಸ್ ಓಡಿದರು. ಮೆಲ್ರಾಯ್ ಮತ್ತು ಇನ್ನಿಬ್ಬರು ಹಿಂದೆ ಹೋದರು. ಮಂಜಿನಲ್ಲಿ “ಆಂಟೀ, ಆಂಟೀ” ಅಂತ ಕೂಗಿದರಂತೆ. ಅಂಕಲ್, ನಾವು ಯಾರೂ ಅವರ ಹೆಸರು ಕೇಳಿರಲಿಲ್ಲ. ನಾನು ಗಾಸ್ಟ್‌ಹೌಸಿನ ಅಡುಗೆಮನೆಯಿಂದ ಫೋನ್ ಮಾಡಿಸಿದಾಗ ಆ ಕಡೆಯವರು ಕೇಳಿದ ಮೊದಲ ಪ್ರಶ್ನೆಯೇ ಹೆಸರೇನು ಅಂತ. ನನಗೆ ಗೊತ್ತಿರಲಿಲ್ಲ. ವೀರೇಶನ ಅಮ್ಮ ಅಂದೆ.

ಹೌದು, ಅದು ನಾನೇ.

ಆದರೆ ಅದಕ್ಕೆ ಮೊದಲು ನಡೆದದ್ದನ್ನು ಹೇಳಬೇಕು. ವೀರೇಶ್ ಒಂದು ಸುತ್ತು ಹುಡುಕಿ ಒದ್ದೆಯಾಗಿ ವಾಪಸ್ ಬಂದರು. 112ಕ್ಕೆ ಫೋನ್ ಮಾಡೋಣ ಅಂತ ನಾನು ಹೇಳಿದೆ. ದ್ವಾರಕನಾಥ ಸರ್ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಬೈಯಲಿಲ್ಲ, ಬಹಳ ಮೆಲ್ಲಗೆ ಮಾತಾಡಿದರು. “ನೋಡಮ್ಮ, ಅವಸರ ಮಾಡಬೇಡ. ಪೊಲೀಸ್ ಬಂದ್ರೆ ಪ್ರೊಟೊಕೊಲ್ ಅಂತ ರಿಪೋರ್ಟ್ ಬರೀತಾರೆ. ಗುಂಪಿನ ಜವಾಬ್ದಾರಿ ಯಾರದು ಅಂತಾರೆ, ಎಲ್ಲರ ಪಾಸ್‌ಪೋರ್ಟ್ ಕೇಳ್ತಾರೆ. ಇಲ್ಲಿ ಎಷ್ಟು ಜನರ ಕಾರ್ಡಿನ ಫೈಲು ವೀಸಾ ಆಫೀಸಿನಲ್ಲಿದೆ ಗೊತ್ತಾ? ಇನ್ನೊಂದು ರೌಂಡ್ ನಾವೇ ಹುಡುಕೋಣ” ಅಂದರು. ನಿಮಗೆ ಗೊತ್ತಿರಬಹುದು, ಹೊಸಬರ ಸಂಜೆ ಅಂತ ಬಳಗ ಪ್ರತಿ ವರ್ಷ ಮಾಡುತ್ತದಲ್ಲ, ಅಲ್ಲಿ ಅವರು ಯಾವಾಗಲೂ ಹೇಳುವ ಮಾತು ಅದು. “ಇಲ್ಲಿ ಒಂದು ಕೇಸ್ ಅಂದ್ರೆ ಕಾರ್ಡ್ ಹೋಯ್ತು ಅಂತಲೇ ತಿಳ್ಕೊಳ್ಳಿ. ಏನೇ ಆದ್ರೂ ಮೊದಲು ನನಗೆ ಫೋನ್ ಮಾಡಿ, ಆಮೇಲೆ ಮಿಕ್ಕವರಿಗೆ.” ನಾನು ಬಂದ ವರ್ಷ ನಾನೂ ತಲೆಯಾಡಿಸಿ ಕೇಳಿದ್ದೇನೆ. ವೀರೇಶ್ ನನ್ನ ಪಕ್ಕದಲ್ಲೇ ಕೂತಿದ್ದರು.

ನಾನು ವೀರೇಶರನ್ನು ನೋಡಿದೆ. ನಿಮ್ಮ ಅಮ್ಮ, ನೀವು ಹೇಳಿ, ಮಾಡಲಾ ಅಂದೆ. ಅವರ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು. “ಸರ್ ಹೇಳಿದಂಗ ಮಾಡೂಣ. ನನ್ನ ಫೈಲ್ ಒಳಗ ಐತಿ. ಇನ್ನೊಂದ್ ಸಲ ನೋಡ್ಕೊಂಡ್ ಬರ್ತೇನಿ, ಇಲ್ಲೇ ಎಲ್ಲೋ ಅದಾಳ” ಅಂದರು. ಅಂದು ಮತ್ತೆ ಮಳೆಯಲ್ಲಿ ಓಡಿದರು. ಅವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಆ ಬೆಟ್ಟವನ್ನು ಅವರು ಮೂರು ಸಲ ಹತ್ತಿದರು, ಮೂರು ಸಲವೂ ಬೇರೆ ದಾರಿಯಲ್ಲಿ. ಮೂರನೇ ಸಲ ಹತ್ತಿದಾಗ ನಾನು ಹಿಂಬಾಗಿಲಿಗೆ ಹೋದೆ.

ದಾರಿ ತಪ್ಪಿ ಬಿದ್ದಿದ್ದ ಆಂಟಿಯನ್ನು ರಕ್ಷಣಾ ಪಡೆಯವರು ಹುಡುಕಿ ತಂದ ಮೇಲೆ, ಆಸ್ಪತ್ರೆಯಲ್ಲಿ ವೀರೇಶ್ ನನ್ನ ಕೈ ಹಿಡಿದುಕೊಂಡು, “ಅಕ್ಕಾ, ನಾ ಬ್ಯಾಡ ಅಂದಿದ್ದು ನಮ್ಮ ಅಪ್ಪಗ ಗೊತ್ತಾಗಬಾರದು, ಅಂವ ಸಾಯ್ತಾನ” ಅಂದರು. ಆಯಿತು ಅಂದೆ. ಸಂಚಿಕೆಯ ಆ ಎರಡು ಸಾಲನ್ನು ಅಚ್ಚಿಗೆ ಮೊದಲು ಅವರಿಗೆ ತೋರಿಸಿದ್ದರು. ಅವರು ಒಪ್ಪಿದ್ದರು. ಅಮ್ಮ ಹೇಳದೆ ಹೋದಳು ಅಂದರೆ ಉಳಿದ ಯಾವ ಪ್ರಶ್ನೆಯೂ ಬರುವುದಿಲ್ಲ ಅಲ್ಲವಾ? ಆಮೇಲೆ ಅವರನ್ನು ಸ್ಟೇಷನ್ನಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ನೋಡಿದರೂ ಅವರು ಬೇರೆ ಕಡೆ ತಿರುಗುತ್ತಿದ್ದರು. ಅದನ್ನು ನೋಡಲಾಗದೆ ನಾನು ಇಲ್ಲಿಗೆ ಬಂದೆ. ಕಾರ್ಡಿಗಾಗಿ ಅಲ್ಲ. ಕೆಲಸ ಬದಲಿಸಿದ್ದರಿಂದ ನನ್ನದು ಇನ್ನೂ ತಡವಾಗುತ್ತದೆ.

ಈಗ ನಿಮಗೆ ಎಲ್ಲ ಗೊತ್ತು. ಆಂಟಿಯ ಹೆಸರು ಉಳಿಸಿದರೆ ಮಗನ ಹೆಸರು ಹೋಗುತ್ತದೆ. ಆಂಟಿಯನ್ನೇ ಕೇಳಿದ್ದರೆ ಏನು ಹೇಳುತ್ತಿದ್ದರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಲೀನಾ


ಗಾರ್ಕಿಂಗ್
3 ಮಾರ್ಚ್ 2019

ಪ್ರೀತಿಯ ಮಗಳೇ,

ನಿನ್ನ ಪತ್ರವನ್ನು ಜೆಸಿಂತಾಗೆ ಓದಿ ಹೇಳಿದೆ. ಹಿಂಬಾಗಿಲಿನ ಸಾಲಿಗೆ ಬಂದಾಗ ಕಾಗದವನ್ನು ಅವಳ ಕೈಗೆ ಕೊಟ್ಟೆ, ಉಳಿದದ್ದನ್ನು ಅವಳೇ ಓದಿಕೊಂಡಳು. ಮುಗಿಸಿ, ಕನ್ನಡಕ ತೆಗೆದು, “ಈಗ ಎಂತ ಹೇಳ್ತೀರಿ?” ಎಂದಳು. ಬೆನ್ನುಮೂಳೆಯ ಮಾತನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿದ್ದೇನೆ. ಉಳಿದದ್ದನ್ನು ನೀನು ಇಲ್ಲಿಗೆ ಬಂದಾಗ ಮುಖ ನೋಡಿ ಹೇಳುತ್ತೇನೆ.

ಮೂರು ವಾರ ವೀರೇಶನ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಿಸಿದೆ. ಬರಲಿಲ್ಲ. ದಿನಾ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಯು-ಬಾನ್‌ ಸ್ಟೇಷನ್ ಕಡೆಗೆ ಹೋಗುತ್ತಾನೆ, ತಲೆ ಎತ್ತುವುದಿಲ್ಲ. ಆ ಹುಡುಗ ತಾಯಿಯನ್ನು ಕಾರ್ಡಿಗೆ ಮಾರಿದವನಲ್ಲ. ಫೋನ್ ಮಾಡಿದರೆ ಎಲ್ಲವೂ ಹೋಗುತ್ತದೆ ಎಂದು ಅವನಿಗೆ ಯಾರೋ ಮೊದಲೇ ಕಲಿಸಿಟ್ಟಿದ್ದರು. ಮಳೆಯಲ್ಲಿ ನಿಂತವನ ಬಾಯಲ್ಲಿ ಬಂದದ್ದು ಕಲಿಸಿದ ಮಾತು.

ನಾನು ಪರಿಚಯದ ಇಬ್ಬರು ವಕೀಲರನ್ನು ಕೇಳಿದೆ. ಬೆಟ್ಟದಲ್ಲಿ ತಾಯಿ ಕಳೆದುಹೋದಳು ಎಂದು ತುರ್ತು ಸಂಖ್ಯೆಗೆ ಕರೆ ಮಾಡಿದ್ದಕ್ಕೆ ಯಾರ ಕಾರ್ಡನ್ನೂ ಯಾರೂ ಕಿತ್ತುಕೊಳ್ಳುವುದಿಲ್ಲ. ಅವರಲ್ಲೊಬ್ಬಳು ನನ್ನ ಪ್ರಶ್ನೆ ಕೇಳಿ ಮೊದಲು ನಕ್ಕಳು, ಆಮೇಲೆ ಏನಾಗಿತ್ತು ಎಂದು ವಿಚಾರಿಸಿದಳು. ನಾನು ಹೇಳಲಿಲ್ಲ.

ಆಂಟಿಯನ್ನು ಕೇಳಿದ್ದರೆ ಏನು ಹೇಳುತ್ತಿದ್ದರು ಎಂದು ಬರೆದಿದ್ದೀಯ. ನಿಜ. “ನನ್ನ ಮ್ಯಾಲೇ ಹಾಕ್ರಿ, ಹುಡುಗ ಬದುಕ್ಲಿ” ಎನ್ನುತ್ತಿದ್ದರು. ಅದಕ್ಕೇ ನಾನು ಅವರ ಮಾತು ಕೇಳುವುದಿಲ್ಲ. ತಾಯಂದಿರು ಹೊರುತ್ತಾರೆ ಎಂದೇ ನಾವು ಹೊರಿಸುತ್ತಾ ಬಂದಿದ್ದೇವೆ. ಶಿವಲಿಂಗಯ್ಯನವರಿಗೆ ಒಂದು ಕಾಗದ ಬರೆದೆ. ನಿಮ್ಮ ಹೆಂಡತಿ ಹೇಳಿಯೇ ನಿಂತವರು, ದಾರಿಯ ಬೋರ್ಡು ಪರಭಾಷೆಯದಾಗಿತ್ತು, ಮಂಜು ಇತ್ತು, ನಿಮ್ಮ ಮಗ ಮೂರು ಸಲ ಬೆಟ್ಟ ಹತ್ತಿದ ಎಂದು. ಅದಿಷ್ಟೂ ಸತ್ಯ. ಅದಕ್ಕಿಂತ ಹೆಚ್ಚಿನದನ್ನು ಆ ಮನುಷ್ಯನಿಗೆ ಹೇಳುವ ಹಕ್ಕು ವೀರೇಶನದು, ನನ್ನದಲ್ಲ. ಅವನು ಎಂದಾದರೂ ಹೇಳುತ್ತಾನೋ ಇಲ್ಲವೋ ನನಗೆ ತಿಳಿಯದು. ಹೇಳದೆ ಅವನು ಮಲಗುವುದು ಹೇಗೆ ಎನ್ನುವುದೂ ತಿಳಿಯದು.

ಸಭೆಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಕೇಳುವ ಯೋಚನೆ ಬಿಟ್ಟೆ. ನಿನ್ನ ಹೆಸರೂ ಬರುವುದಿಲ್ಲ, ವೀರೇಶನ ಹೆಸರೂ ಬರುವುದಿಲ್ಲ. ಎದ್ದು ಓದಲಿರುವುದನ್ನು ಇಲ್ಲಿ ಬರೆದಿದ್ದೇನೆ. ಇದೇ ಪ್ರತಿ ಇಂದೇ ದ್ವಾರಕನಾಥರಿಗೂ, ಈ ದೇಶದ ಉಳಿದ ಕನ್ನಡ ಸಂಘಗಳಿಗೂ ಹೋಗುತ್ತಿದೆ. ಒಂದು ಪದವಾದರೂ ಸುಳ್ಳಾಗಿದ್ದರೆ ಹೇಳು.

“ಅಧ್ಯಕ್ಷರಾದ ಶ್ರೀ ದ್ವಾರಕನಾಥರೇ, ಗದಗದ ಗಂಗವ್ವನವರು ಯಾರಿಗೂ ತಿಳಿಸದೆ ಹೋದವರಲ್ಲ. ‘ಮುಂದ ನಡೀರಿ’ ಎಂದು ಹೇಳಿ ನಿಂತರು, ಯಾಕೆ ನಿಂತರು ಎನ್ನುವುದು ಕೇಳಿದವರಿಗೆಲ್ಲ ತಿಳಿದಿತ್ತು. ಬೆಳಿಗ್ಗೆಯಿಂದ ಒಬ್ಬ ಹೆಂಗಸು ಕಾಲುಮಡಿಯಲು ಜಾಗ ಸಿಗದೆ ಕಾಡಿನಂಚಿಗೆ ಹೋದಳು ಎಂದು ಬರೆಯಲು ನಿಮಗೆ ನಾಚಿಕೆಯಾಯಿತು, ಸತ್ತವಳು ಸೂಚನೆ ಕಡೆಗಣಿಸಿದಳು ಎಂದು ಬರೆಯಲು ನಾಚಿಕೆಯಾಗಲಿಲ್ಲ. ಕೂಡಲೇ ಎಲ್ಲ ಕ್ರಮ ಕೈಗೊಂಡೆವು ಎಂದಿರಿ. ಕೈಗೊಳ್ಳಲಿಲ್ಲ. ಹಿಂಟರ್‌ವೀಸ್‌ನ ಗಾಸ್ಟ್‌ಹೌಸಿನಲ್ಲಿ ಒಡತಿ ಕೇಳಿದಾಗ ಎಲ್ಲ ಸರಿಯಿದೆ ಎಂದವರು ನೀವು. ಬೇರೆಯವರ ಹೆಸರು ಇಲ್ಲಿ ನನಗೆ ಬೇಡ, ಅವರೆಲ್ಲ ನಿಮ್ಮ ಮಾತು ನಂಬಿದವರು. ಹೊಸದಾಗಿ ಬಂದ ಹುಡುಗ ಹುಡುಗಿಯರನ್ನು ಪ್ರತಿ ವರ್ಷ ಕೂರಿಸಿಕೊಂಡು, ಪೊಲೀಸರಿಗೆ ಫೋನ್ ಮಾಡಿದರೆ ಕಾರ್ಡು ಹೋಗುತ್ತದೆ, ಮೊದಲು ನನಗೆ ಹೇಳಿ ಎಂದು ಕಲಿಸಿದವರು ನೀವು ಹೌದೋ ಅಲ್ಲವೋ? ಯಾವ ಕಾನೂನಿನ ಆಧಾರದ ಮೇಲೆ ಕಲಿಸಿದಿರಿ? ಇಂದು ಈ ಸಭೆಯಲ್ಲಿ ಕೂತ ಎಷ್ಟು ಜನ ಇನ್ನೂ ಅದನ್ನು ನಂಬಿಕೊಂಡು ಮಲಗುತ್ತಾರೆ? ಖಾಸಗಿಯಾಗಿ ಮಾತಾಡೋಣ ಎನ್ನಬೇಡಿ, ನಮ್ಮ ಮನೆಗೆ ಕಾಫಿಗೆ ಬರಬೇಡಿ. ಇದೇ ವೇದಿಕೆಯ ಮೇಲೆ, ಇವರೆಲ್ಲರ ಎದುರಿಗೆ, ನಿಮ್ಮ ಬಾಯಿಂದಲೇ ಉತ್ತರ ಕೊಡಿ. ಕೊಟ್ಟ ಉತ್ತರವನ್ನು ಗಂಗವ್ವನ ಹೆಸರಿನೊಡನೆ ನಿಮ್ಮ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿ.”